ಉಬ್ರಾಣಿಯ ಬೀದಿಯಲ್ಲಿ ತಪ್ಪಿ ನುಡಿದ ಕೊಳಲು

ಹತ್ತಿಯ ಉಂಡೆಯೊಂದು ಫ್ಯಾನಿನ ಗಾಳಿಗೆ ಮೇಜಿನಿಂದ ಬಿದ್ದು ಸಮುದಾಯ ಭವನದ ಹೊಸಿಲವರೆಗೂ ಉರುಳಿ ಬಂತು, ಬಂದು ಅಲ್ಲೇ ನಿಂತಿತು, ಹೊರಗೆ ಹೋಗಲೋ ಬೇಡವೋ ಅನ್ನುವ ಹಾಗೆ — ಇದಕ್ಕೂ ಹೆದರಿಕೆ ಹತ್ತಿತೇ ಅಂದುಕೊಂಡ ಕೆಂಚೇಶ, ಹೊಂಗೆಮರದ ನೆರಳಲ್ಲಿ ತನ್ನ ಆಟೋದೊಳಗೆ ಕಾಲು ಮಡಚಿ ಕೂತವನು. ಒಳಗೆ ಶಾಂತಲಾ ಸಿಸ್ಟರ್ ಒಬ್ಬರೇ, ಅವರ ಮುಂದೆ ನೀಲಿ ಐಸ್ ಬಾಕ್ಸು, ಗೋಡೆಗುಂಟ ಖಾಲಿ ಕುರ್ಚಿಗಳು. ಫ್ಲೂ ಜ್ವರಕ್ಕೆ ಸರ್ಕಾರದ ಲಸಿಕೆ ಬಂದಿದೆ, ಬಸುರಿಯರಿಗೆ ಮೊದಲು, ಪುಕ್ಕಟೆ, ಇಷ್ಟನ್ನು ಉಬ್ರಾಣಿಯ ಬೀದಿಬೀದಿಗೆ ಕೂಗಿ ಹೇಳುವುದಷ್ಟೇ ಅವನ ಕೆಲಸ, ಅದನ್ನಾದರೂ ನೆಟ್ಟಗೆ ಮಾಡಿದೆಯೇನೋ ಮಾರಾಯ. ಚನ್ನಗಿರಿ ತಾಲೂಕಿನಲ್ಲಿ ಮೈಕ್ ಕಟ್ಟಿದ ಆಟೋ ಅಂದರೆ ಅವನದೇ, ಸೀರೆ ಮೇಳಕ್ಕೂ ಅವನ ದನಿ, ಕರೆಂಟ್ ಇರುವುದಿಲ್ಲ ಅನ್ನುವುದಕ್ಕೂ ಅವನ ದನಿ, ಕುರಿ ಕಳೆದಿದೆ ಕಂಡವರು ತಿಳಿಸಿ ಅನ್ನುವುದಕ್ಕೂ, ಸಾವಿಗೆ ಮಾತ್ರ ದನಿಗಿಂತ ಮುಂಚೆ ಕೊಳಲು, ಫೋನಿನಲ್ಲಿ ಹುಡುಕಿ ಅವನೇ ಆರಿಸಿದ ಒಂದು ತುಣುಕು ಕೊಳಲು, ಈಗ ನಲ್ಲೂರಿನಿಂದ ತ್ಯಾವಣಿಗೆಯವರೆಗೆ ಅದು ಕೇಳಿಸಿದರೆ ಸಾಕು, ರೊಟ್ಟಿ ತಟ್ಟುತ್ತಿದ್ದವಳು ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬರುತ್ತಾಳೆ, ಯಾರ್ ಹೋದ್ರಂತೆ, ಯಾರ್ ಹೋದ್ರಂತೆ. ನಿನ್ನೆ ಹೊನ್ನಾಳಿ ಕಡೆ ಒಂದು ಸಾವು ಸಾರಿ ಬಂದವನು ಪೆನ್‌ಡ್ರೈವ್ ಬದಲಿಸಲು ಮರೆತ, ಈ ಬೆಳಿಗ್ಗೆ ಊರೊಳಕ್ಕೆ ನುಗ್ಗಿ ಗುಂಡಿ ಒತ್ತಿದ, ಕೊಳಲು ಮೊಳಗಿತು, ಹಿಂದೆಯೇ ತನ್ನದೇ ದನಿ, ಅತ್ಯಂತ ದುಃಖದಿಂದ ತಿಳಿಸುವುದೇನೆಂದರೆ — ತಡಬಡಿಸಿ ಅದನ್ನು ಕಿತ್ತು ಇನ್ನೊಂದು ಪೆನ್‌ಡ್ರೈವ್ ಚುಚ್ಚಿದರೆ ಅದು ಎತ್ತಿದ ಬಾಯಿಗೆ ಹೇಳಿದ್ದು, ಗರ್ಭಿಣಿಯರೆಲ್ಲರೂ ಕೂಡಲೇ ಸಮುದಾಯ ಭವನಕ್ಕೆ ಬರತಕ್ಕದ್ದು. ಅಯ್ಯೋ ಶಿವನೇ. ತಾಯಿ ಕಾರ್ಡು ಹಿಡಿದು ಬರುತ್ತಿದ್ದ ಹೆಂಗಸರು ಬೀದಿ ನಡುವೆಯೇ ನಿಂತರು, ಒಬ್ಬಾಕೆ ಹೊಟ್ಟೆಯ ಮೇಲೆ ಸೆರಗು ಎಳೆದುಕೊಂಡಳು, ಎಲ್ಲರೂ ಬಂದ ದಾರಿಗೇ ತಿರುಗಿದರು, ಆ ಗುಂಪಿನಲ್ಲಿ ಅವನ ಹೆಂಡತಿ ಲಕ್ಷ್ಮೀದೇವಿಯೂ ಇದ್ದಳು, ಏಳು ತಿಂಗಳ ಬಸುರಿ, ಹೋದ ವಾರವಷ್ಟೇ ಕುಬುಸ ಮುಗಿಸಿಕೊಂಡು ತವರಿಗೆ ಬಂದವಳು, ಅವಳ ರಟ್ಟೆ ಹಿಡಿದು ತಿರುಗಿಸಿಕೊಂಡು ಹೋದಾಕೆ ಅವನ ಅತ್ತೆ ಉಡಚಮ್ಮ.

ಅಲ್ಲ, ಇದು ಹೆಂಗೆ ಅಂತ, ಅವನಿಗೆ ನಾಚಿಕೆಗಿಂತ ಹೆಚ್ಚಾಗಿ ಕುತೂಹಲವೇ ಕೆರಳಿತ್ತು, ಮಾತನ್ನು ನಂಬದ ಜನ ಕೊಳಲನ್ನು ಹೆಂಗೆ ನಂಬುತ್ತಾರೆ, ಆಮೇಲೆ ಎಷ್ಟು ಸುತ್ತು ತಿರುಗಿ ಉಚಿತ ಅಂದ, ಸುರಕ್ಷಿತ ಅಂದ, ತಾಯಿಗೂ ಮಗುವಿಗೂ ಒಳ್ಳೆಯದು ಅಂದ, ಅಷ್ಟು ಮಾತಿಗೆ ಕದಲದ ಊರು ಒಂದು ತುಣುಕು ಕೊಳಲಿಗೆ ಬೆನ್ನು ತಿರುಗಿಸಿತ್ತು. ಎದುರು ಟೀ ಅಂಗಡಿಯ ಗಾದ್ರಪ್ಪ, ಜಗಳೂರು ಕಡೆಯಿಂದ ಬಂದು ಇಲ್ಲಿ ನೆಲೆ ನಿಂತ ಮುದುಕ, ಲೋಟ ತೊಳೆಯುತ್ತ ಆಗಲೇ ಹೇಳಿದ್ದ, ಪುಕ್ಕಟೆ ಕೊಡ್ತಾರೆ ಅಂದ್ರೆ ಅದ್ರಾಗೆ ಏನೋ ಐತೆ ಕಣೋ ಕೆಂಚ, ನಮ್ಮ ಮೇಲೆ ಪರೀಕ್ಷೆ ಮಾಡಾಕೆ ಬಂದವರೆ, ರೇಷನ್ ಅಕ್ಕಿ ಮರೆತ್ಯಾ, ಬೆಳ್ಳಗೆ ತೇಲೋ ಕಾಳು. ಸತ್ವಕ್ಕೆಂದು ಸರ್ಕಾರ ಬೆರೆಸಿದ ಆ ಕಾಳನ್ನು ಪ್ಲಾಸ್ಟಿಕ್ ಅಕ್ಕಿ ಅಂತ ಊರೆಲ್ಲ ಆರಿಸಿ ಆರಿಸಿ ಕೋಳಿಗೆ ಹಾಕಿತ್ತು, ಕೋಳಿಗಳು ತಿಂದು ದುಂಡಗಾದವು, ಕೋಳಿಯನ್ನು ಊರು ತಿಂದಿತು. ಆದರೆ ಇದೇ ಗಾದ್ರಪ್ಪ ಹೋದ ಚಳಿಗಾಲದಲ್ಲಿ ದಾವಣಗೆರೆಗೆ ಹೋಗಿ, ದುಡ್ಡು ತೆತ್ತು, ಇದೇ ಫ್ಲೂ ಸೂಜಿ ಚುಚ್ಚಿಸಿಕೊಂಡು ಬಂದು, ರಟ್ಟೆಯ ಪಟ್ಟಿಯನ್ನು ಮೂರು ದಿನ ಕೀಳದೆ ತೋರಿಸಿಕೊಂಡು ತಿರುಗಿದ್ದನಲ್ಲ, ಅದೂ ಇದೂ ಒಂದೇ ಅಲ್ವಾ ಗಾದ್ರಜ್ಜ ಅಂದರೆ, ಒಂದೇ ಹೆಂಗಾತೋ, ಅದು ದುಡ್ಡಿಂದು. ಆಮೇಲೆ ಇನ್ನೊಂದು ಲೋಟ ತೊಳೆದಿಟ್ಟು, ಅಲ್ಲೋ ಬಸುರೇರಿಗಷ್ಟೇ ಯಾಕೆ ಕೊಡ್ತಾರೆ, ನಾವೇನ್ ಮನುಷ್ಯರಲ್ವಾ. ನೋಡು, ಕೊಟ್ಟರೆ ಅನುಮಾನ, ಕೊಡದಿದ್ದರೆ ಸಿಟ್ಟು. ಸರ್ಕಾರವೇನು ಕಡಿಮೆಯೇ, ಶಿಬಿರ ಅಂತ ಎರಡು ಸಲ ಸಾರಿಸಿತು, ಎರಡು ಸಲವೂ ಮದ್ದು ಬರಲಿಲ್ಲ ಅಂತ ಮುಂದೂಡಿತು, ಅಷ್ಟರಲ್ಲಿ ನ್ಯಾಮತಿಯಿಂದ ಇಲ್ಲಿವರೆಗೆ ಮನೆಮನೆಯಲ್ಲೂ ಕೆಮ್ಮು, ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಅನ್ನುವುದು ಇದಕ್ಕೇ, ಮುಂದೂಡಿದ್ದನ್ನು ಸಾರಿದ್ದೂ ಅವನದೇ ದನಿ, ಹಾಗಾದರೆ ಸುಳ್ಳಾದವರು ಯಾರು, ಸರ್ಕಾರವೋ ಕೆಂಚೇಶನೋ. ಕೊಳಲು ಮಾತ್ರ ಈ ಬೆಳಗಿನವರೆಗೆ ಒಂದು ಸಲವೂ ಸುಳ್ಳಾಗಿರಲಿಲ್ಲ, ಅದು ನುಡಿದಾಗೆಲ್ಲ ಒಬ್ಬರು ಸತ್ತೇ ಇದ್ದರು, ಅದಕ್ಕೇ ಇರಬೇಕು.

ತ್ಯಾವಣಿಗೆಯ ರೂಪಶ್ರೀ. ಬೇಡ ಅಂದರೂ ಅಲ್ಲಿಗೇ ಹೋಗುತ್ತದೆ ಹಾಳು ಮನಸ್ಸು. ಹೋದ ವರ್ಷ ಇದೇ ದಿನಮಾನ, ಅವಳಿಗೂ ಏಳು ತಿಂಗಳು, ನೆಗಡಿ ಅಂದರು, ಕಷಾಯ ಕೊಟ್ಟರು, ನೆಗಡಿ ಎದೆಗಿಳಿಯಿತು, ಉಸಿರು ಸಿಕ್ಕಲಿಲ್ಲ, ದಾವಣಗೆರೆ ಮುಟ್ಟುವಷ್ಟರಲ್ಲಿ ತಾಯಿಯೂ ಇಲ್ಲ ಮಗುವೂ ಇಲ್ಲ, ಫ್ಲೂ ಅಂತ ಆಮೇಲೆ ಗೊತ್ತಾಯಿತು. ಶ್ರದ್ಧಾಂಜಲಿಯ ಫ್ಲೆಕ್ಸಿಗೆ ಬೇರೆ ಫೋಟೋ ಇರಲಿಲ್ಲ, ಕುಬುಸದ್ದನ್ನೇ ಹಾಕಿಸಿದರು, ಎರಡೂ ಕೈತುಂಬ ಹಸಿರು ಬಳೆ, ಕೆನ್ನೆಗೆ ಅರಿಸಿನ, ನಗುತ್ತಿದ್ದಾಳೆ, ಕೆಳಗೆ ಹುಟ್ಟು ಸಾವಿನ ತಾರೀಕು. ಆ ಫ್ಲೆಕ್ಸನ್ನು ಆಟೋದ ಹಿಂದೆ ಕಟ್ಟಿಕೊಂಡು ಕೊಳಲು ನುಡಿಸುತ್ತ ದಿನವಿಡೀ ತಿರುಗಿದವನು ಕೆಂಚೇಶ, ಕನ್ನಡಿಯಲ್ಲಿ ಹಿಂದೆ ನೋಡಿದಾಗೆಲ್ಲ ಫ್ಲೆಕ್ಸಿನ ಅಂಚು ಗಾಳಿಗೆ ಮಡಚಿ ಬರೀ ಬಳೆ ಕಾಣುತ್ತಿತ್ತು, ಹಸಿರು ಬಳೆ, ಮುಖವಿಲ್ಲ. ಸಂಜೆ ಮನೆಗೆ ಬಂದರೆ ಲಕ್ಷ್ಮೀದೇವಿ ಹೊಸಿಲಲ್ಲೇ ನಿಂತು, ರೀ ಅದನ್ನ ಮೊದ್ಲು ತೆಗೀರಿ, ತೆಗೆದು ಒಳಗೆ ಬರ್ರಿ. ಆಗ ಅವಳ ಕೈಯಲ್ಲಿ ಇದ್ದದ್ದು ದಿನನಿತ್ಯದ ಕೆಂಪು ಬಳೆ. ಈಗ ಹಸಿರು. ಹೋದ ವಾರ ಬಳೆಗಾರ ಒಂದೊಂದೇ ಏರಿಸುವಾಗ ಮಡಿಲಿಗೆ ಅಕ್ಕಿ ತುಂಬುತ್ತಿದ್ದ ಹೆಂಗಸರೆಲ್ಲ ನಗುತ್ತಿದ್ದರು, ಅವನೊಬ್ಬ ಎದ್ದು ಹೊರಗೆ ಹೋದ, ಅಳಿಯಂದ್ರಿಗೆ ನಾಚಿಕೆ ಬಂತು ಅಂದರು. ನಾಚಿಕೆಯಂತೆ. ಅವನಿಗೆ ಹೆದರಿಕೆಯಾಗಿತ್ತು, ಅಷ್ಟೇ, ಗಂಡಸಾದವನು ಅದನ್ನು ಯಾರಿಗೂ ಹೇಳಲಿಲ್ಲ.

ಹೆಂಡತಿಯನ್ನು ಹೋಗಿ ಕರೆಯದೆ ಏನೂ ಬಿಟ್ಟಿರಲಿಲ್ಲ, ಅರ್ಧ ಗಂಟೆ ಹಿಂದೆ ಅತ್ತೆಯ ಮನೆ ಬಾಗಿಲಲ್ಲಿ ನಿಂತಿದ್ದ, ಅತ್ತೆ ಮರ್ಯಾದೆಗೆ ಕಡಿಮೆ ಮಾಡಲಿಲ್ಲ, ಚಾಪೆ ಹಾಸಿ, ನೀರು ಕೊಟ್ಟು, ಆಮೇಲೆ ಹೇಳಿದ್ದು, ಅಳಿಯಂದ್ರೇ, ನಾನೇ ಕರ್ಕೊಂಡು ಹೊಂಟಿದ್ದೆ, ನಾನೇನ್ ಬ್ಯಾಡ ಅಂದೋಳಲ್ಲ, ಆದ್ರೆ ಅಪಶಕುನ ಆದ್ಮೇಲೆ ಮಗಳನ್ನ ಹೆಂಗೆ ಕಳಿಸ್ಲಿ ನೀವೇ ಹೇಳ್ರಿ. ಅದು ನನ್ನ ಕೈತಪ್ಪು ಅತ್ತೆ. ಕೈ ನಿಮ್ದು ಇರಬೋದು, ತಪ್ಪಿಸಿದೋಳು ಅಂತರಘಟ್ಟಮ್ಮ. ದೇವಿಯ ಹೆಸರಿಗೆ ಎದುರಾಡಿದರೆ ಕೆಟ್ಟವನು, ಸುಮ್ಮನಿದ್ದರೆ ಹೆಂಡತಿಗೆ ಸೂಜಿಯಿಲ್ಲ. ಅದೇ ಅತ್ತೆ ಧನುರ್ವಾಯುವಿನ ಟಿಟಿ ಸೂಜಿಗೆ ತಾನೇ ಮುಂದೆ ನಿಂತು ಕರೆದೊಯ್ದಿದ್ದಳಲ್ಲ, ಅದಕ್ಕೆ ಶಕುನ ಕೇಳಲಿಲ್ಲ, ಯಾಕೆ ಅಂದರೆ ಟಿಟಿ ಹಳೆಯದು, ತಾನೂ ಹಾಕಿಸಿಕೊಂಡದ್ದು — ಅಂದರೆ ಸೂಜಿಗೂ ನೆಂಟಸ್ತನ ಬೇಕು, ಗುರುತಿರಬೇಕು, ಇದು ಹೊಸ ಮುಖ. ಲಕ್ಷ್ಮೀದೇವಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು, ಅವನನ್ನೇ ನೋಡಿದಳು, ಆ ನೋಟದಲ್ಲಿ ಇದ್ದದ್ದು ಬೇಡ ಅಂತಲೋ ಕರಿ ಅಂತಲೋ, ಎರಡು ವರ್ಷ ಸಂಸಾರ ಮಾಡಿದರೂ ಅವನಿಗೆ ಓದಲು ಬರಲಿಲ್ಲ. ವಾಪಸ್ ಬಂದು ಸಿಸ್ಟರನ್ನೇ ಕೇಳಿದ, ಅಲ್ರೀ ಸಿಸ್ಟರ್, ಇದು ಒಂದು ಸಲ ಹಾಕಿಸ್ಕೊಂಡ್ರೆ ಮುಗೀತಾ. ಇಲ್ಲ ಕೆಂಚೇಶಣ್ಣ, ವರ್ಷವರ್ಷ ಹಾಕಿಸ್ಕೋಬೇಕು, ಆ ಹುಳ ವರ್ಷಕ್ಕೊಂದು ವೇಷ ಹಾಕ್ತೈತೆ. ಓಹೋ, ಪ್ರತಿ ವರ್ಷ ಹೆಸರು ಬದಲಿಸಿಕೊಂಡು ಬರುವ ಸೀರೆ ಮೇಳದವರ ಹಾಗೆ, ಅಂಗಡಿ ಅದೇ, ಬೋರ್ಡು ಬೇರೆ, ಇದು ಅವನಿಗೆ ಚೆನ್ನಾಗಿ ತಿಳಿಯಿತು. ಹಾಕಿಸ್ಕೊಂಡ್ರೆ ಜ್ವರ ಬರೋದೇ ಇಲ್ವಾ. ಬರೋದೇ ಇಲ್ಲ ಅಂತ ನಾನ್ ಹೇಳಲ್ಲ, ಬಂದ್ರೂ ಎದೆಗಿಳಿದು ಉಸಿರು ಕಟ್ಟೋದು ಕಮ್ಮಿ. ಹಿಂಗೆ ಅರ್ಧಂಬರ್ಧ ಹೇಳಿದ್ದೇ ಅವನಿಗೆ ಯಾಕೋ ನಂಬಿಕೆ ಹುಟ್ಟಿಸಿತು, ಪೆನ್‌ಡ್ರೈವಿನಲ್ಲಿ ಇರುವುದೆಲ್ಲ ಪೂರ್ತಿ ಮಾತು, ಶೇಕಡಾ ನೂರು, ಸಂಪೂರ್ಣ, ಸುವರ್ಣಾವಕಾಶ, ಸೀರೆಗೂ ಅದೇ ಸೂಜಿಗೂ ಅದೇ. ಸಿಸ್ಟರ್ ಗಡಿಯಾರ ನೋಡಿದರು, ಊಟದ ಹೊತ್ತಿಗೆ ಬಾಕ್ಸ್ ವಾಪಸ್ ಹೋಗ್ಬೇಕಣ್ಣ, ಮತ್ತೆ ಯಾವಾಗ ಕಳಿಸ್ತಾರೋ ನಂಗೂ ಗೊತ್ತಿಲ್ಲ.

ಮತ್ತೆ ಯಾವಾಗಲೋ. ಆ ಮತ್ತೆ ಯಾವಾಗಲೋ ಅನ್ನುವುದರೊಳಗೆ ಒಂದು ನೆಗಡಿ ಬಂದರೆ, ಒಂದು ಕಷಾಯ, ಒಂದು ಆಂಬುಲೆನ್ಸು, ಕನ್ನಡಿಯಲ್ಲಿ ಬಳೆ, ಮುಖವಿಲ್ಲದ ಹಸಿರು ಬಳೆ — ಥೂ, ಏನು ಯೋಚನೆ, ಅವನ ಕೈ ತಾನಾಗಿಯೇ ಸೀಟಿನ ಕೆಳಗಿನ ತಂತಿಯಿಲ್ಲದ ಮೈಕನ್ನು ತೆಗೆದಿತ್ತು, ಪೆನ್‌ಡ್ರೈವ್ ಬೇಡ, ಕಿತ್ತು ಜೇಬಿಗೆ ಹಾಕಿದ, ಇಷ್ಟು ವರ್ಷದಲ್ಲಿ ಬರೆದುಕೊಡದ ಮಾತು ಒಂದನ್ನೂ ಅವನು ಆಡಿರಲಿಲ್ಲ, ಹಲೋ ಹಲೋ ಅಂದರೆ ತನ್ನ ದನಿಯೇ ತನಗೆ ಬೇರೆ ಯಾರದೋ ಅನ್ನಿಸಿತು, ತೆಳ್ಳಗೆ, ಮನೆಯಲ್ಲಿ ಆಡುವ ದನಿ. ನಾನು ಕೆಂಚೇಶ, ಉಡಚಮ್ಮನ ಅಳಿಯ. ಬೆಳಿಗ್ಗೆ ಕೊಳಲು ಹಾಕಿದ್ದು ನನ್ನ ತಪ್ಪು, ನಿನ್ನೇದು ಬದಲಿಸಿರಲಿಲ್ಲ, ಊರಾಗೆ ಯಾರೂ ಸತ್ತಿಲ್ಲ. ಸರ್ಕಾರದ ಪರ ಮಾತಾಡಾಕೆ ನಾನು ಬಂದಿಲ್ಲ, ಎರಡು ಸಲ ಅವ್ರು ತಾರೀಕು ತಪ್ಪಿದ್ರು, ಎರಡು ಸಲ ನಿಮ್ಮತ್ರ ಬೈಸ್ಕೊಂಡೋನು ನಾನು. ತ್ಯಾವಣಿಗೆ ರೂಪಶ್ರೀ ನೆಪ್ಪಿದಾಳಾ, ಅವಳಿಗೆ ಈ ಸೂಜಿ ಸಿಕ್ಕಿರಲಿಲ್ಲ, ಅವಳ ಸಾವು ಸಾರಿದೋನೂ ನಾನೇ. ಇಲ್ಲಿ ಸ್ಪೀಕರಿನಲ್ಲಿ ಬರೀ ಉಸಿರು ಹೋಯಿತು, ಗಾದ್ರಪ್ಪ ಲೋಟ ಕೆಳಗಿಟ್ಟು ರಸ್ತೆಗೆ ಬಂದ, ಕಿಟಕಿಗಳು ತೆರೆದವು. ನನ್ನ ಮನೇರಿಗೆ ಆ ಕೊಳಲು ಹಾಕಾಕೆ ನನ್ನ ಕೈಲಿ ಆಗಲ್ರೀ. ಲಕ್ಷ್ಮೀ, ಬಾರೇ.

ಬಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಹೊಟ್ಟೆ ಮುಂದು, ಸಿಟ್ಟು ಅದಕ್ಕೂ ಮುಂದು, ಏನ್ರೀ ಇದು, ಹೆಂಡ್ತಿ ಹೆಸರು ಮೈಕಲ್ಲಿ ಕೂಗ್ತೀರಲ್ಲ, ಕುರಿ ಕಳ್ಕೊಂಡೀರಾ, ಅಂದಳು, ಅಂದು ಅವನ ಕಣ್ಣು ನೋಡಿ ಭವನದೊಳಕ್ಕೆ ನಡೆದಳು. ಹಿಂದೆಯೇ ಏದುಸಿರು ಬಿಡುತ್ತ ಬಂದ ಅತ್ತೆ ಅಳಿಯನನ್ನು ದಾಟಿ ನೆಟ್ಟಗೆ ಸಿಸ್ಟರ್ ಮುಂದೆ ಹೋಗಿ ನಿಂತಳು, ನೀನು ಚುಚ್ಚಿಸ್ಕೊಂಡೀಯೇನಮ್ಮ. ಚುಚ್ಚಿಸ್ಕೊಂಡೀನಿ ಅಜ್ಜಿ, ಎರಡು ದಿನ ರಟ್ಟೆ ನೋಯ್ತು. ಅತ್ತೆ ಅವರ ಮುಖವನ್ನು ಸಂತೆಯಲ್ಲಿ ಎಮ್ಮೆಯ ಹಲ್ಲು ನೋಡುವ ಹಾಗೆ ನೋಡಿದಳು, ನೋಡಿ, ಅಂತರಘಟ್ಟಮ್ಮ ನೀನೇ ಕಾಯಬೇಕವ್ವ ಅಂದು ಮಗಳ ಎಡಗೈ ಹಿಡಿದುಕೊಂಡಳು. ಕೆಂಚೇಶ ಹೊಸಿಲಿಗೆ ಬಂದ, ಹತ್ತಿಯ ಉಂಡೆ ಇನ್ನೂ ಅಲ್ಲೇ ಇತ್ತು, ದಾಟಿ ಒಳಗೆ ಹೋದ, ಈ ಸೂಜಿಯ ತುದಿ ಎಷ್ಟು ಸಣ್ಣದು, ಇದರೊಳಗೆ ಈ ವರ್ಷದ ವೇಷವೇ ಇದೆಯೋ ಹೋದ ವರ್ಷದ್ದೋ, ಯಾರು ನೋಡಿ ಹೇಳುತ್ತಾರೆ, ನಂಬುವುದು ಅಂದರೆ ಇದೇ ಇರಬೇಕು, ಗೊತ್ತಿಲ್ಲದೆಯೂ ತೋಳು ಚಾಚುವುದು, ಹೊರಗೆ ಬಾಗಿಲಲ್ಲಿ ಯಾರದೋ ತಾಯಿ ಕಾರ್ಡು, ಇನ್ನೊಂದು, ಬಗ್ಗಿ ನೋಡುವ ಮುಖಗಳು, ರವಿಕೆ ತೋಳು ಮೇಲಕ್ಕೆ ಸರಿಸಿ ಹಿಡ್ಕೋಮ್ಮ ಅಂದರು ಸಿಸ್ಟರ್, ಎಡಗೈಯನ್ನು ಅವ್ವನಿಂದ ಬಿಡಿಸಿಕೊಂಡು ಅವಳು ಬಲತೋಳಿನ ರವಿಕೆಯನ್ನು ಮೇಲೆತ್ತಿ ಹಿಡಿದಳು, ಎತ್ತಿದ ಕೈಯ ಬಳೆಗಳೆಲ್ಲ ಒಂದರ ಮೇಲೊಂದು ಜಾರಿ ಮೊಣಕೈಗೆ ಬಂದವು, ಗಲ್ಲೆಂದವು — ಮೈಕನ್ನು ಅವನು ಬಂದ್ ಮಾಡಿರಲಿಲ್ಲ, ಅದು ಅವನ ಕೈಯಲ್ಲೇ ಇತ್ತು, ಆ ಸದ್ದು ಆಟೋದ ಎರಡೂ ಸ್ಪೀಕರಿನಿಂದ ಹೊರಟು ಉಬ್ರಾಣಿಯ ಬೀದಿಗುಂಟ ಹೋಯಿತು, ಫ್ಲೆಕ್ಸಿನ ಬಳೆಗೆ ಸದ್ದಿರಲಿಲ್ಲ, ದಿನವಿಡೀ ನೋಡಿದ್ದ, ಒಂದು ಸಲವೂ ಸದ್ದಿರಲಿಲ್ಲ, ಹಸಿರು ಬಳೆ, ಮುಖವಿದೆ, ಹಲ್ಲು ಕಚ್ಚಿಕೊಂಡಿದೆ, ಹಸಿರು ಬಳೆ, ಗಲ್, ಹಸಿರು ಬಳೆ