ಕಚೇರಿ ಅಂಗಳದ ಕುಣಿ

ಸಂಜೆ ಶಾಲೆಯಲ್ಲಿ ಸುಂಕಮ್ಮನ ಜೊತೆ ನಾಲ್ಕಕ್ಷರ ಕಲಿತ ನಾನು ಇಂಥದ್ದನ್ನು ಹೇಳಲು ಹೊರಡುವುದು ಉದ್ಧಟತನವೇ ಇರಬೇಕು. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

"ಹೆಣಾನ ಕಚೇರಿಗೇ ತಂದೀರಿ? ದೂರ ನಿಂದ್ರಿಸ್ರಲೇ ಬಂಡೀನ, ಬೋಳಿಮಕ್ಕಳ್ರಾ," ಎಂದರು ತಹಶೀಲ್ದಾರ ಸಾಹೇಬರು, ಮೂಗಿಗೆ ಕರ್ಚೀಫು ಒತ್ತಿ.

ಬಂಡಿಯಲ್ಲಿದ್ದವಳು ಸುಂಕಮ್ಮನ ತಾಯಿ ಮೈಲಮ್ಮ. ನಿನ್ನೆ ಸಂಜೆ ಸತ್ತವಳು. ಅರಸೀಕೆರೆ ಕಡೆಯ ಅವರ ಕೇರಿಗಿದ್ದ ಒಂದೇ ಸುಡುಗಾಡನ್ನು ಪಕ್ಕದ ಹೊಲದ ಶಿವಯೋಗಪ್ಪ ಉತ್ತು ಶೇಂಗಾ ಬಿತ್ತಿದ್ದ. ಅಳೆದು ಬಿಡಿಸಿಕೊಡಿ ಎಂದು ಅರ್ಜಿ ಕೊಟ್ಟದ್ದು ತೊಂಬತ್ತೈದರಲ್ಲಿ, ಈಗ ತೊಂಬತ್ತೆಂಟು. ಅದೇ ಶಿವಯೋಗಪ್ಪ ಈಗ ಸಾಹೇಬರ ಎದುರು ಕುರ್ಚಿಯಲ್ಲಿ ಕೂತು ಚಹಾ ಹೀರುತ್ತಿದ್ದ.

"ಅರ್ಜಿ ಪರಿಶೀಲನೆಯೊಳಗೈತಿ," ಎಂದ ಸಾಹೇಬರು ಗುಮಾಸ್ತನತ್ತ ತಿರುಗಿ, "ಹೋಲ್ಡ್ ಆಫ್ ಆನ್ ದ ಸರ್ವೆ," ಎಂದರು. ಶಿವಯೋಗಪ್ಪನಿಗೆ ಕಣ್ಣು ಮಿಟುಕಿಸಿ, "ಡೋಂಟ್ ವರಿ. ವಿ ವಿಲ್ ಪುಟ್ ಇಟ್ ಆಫ್ ಟಿಲ್ ಯುವರ್ ಹಾರ್ವೆಸ್ಟ್."

ಹಗಲು ಇಟ್ಟಿಗೆ ಹೊತ್ತು, ಸಂಜೆ ಶಾಲೆಯಲ್ಲಿ ಎಸ್ಸೆಸ್ಸೆಲ್ಸಿಗೆ ಓದುವ ಸುಂಕಮ್ಮ ಆ ಮಾತುಗಳನ್ನು ಹೋದ ವಾರವಷ್ಟೇ ಬರೆದು ಕಲಿತಿದ್ದಳು. ಸರ್ವೆ ಸದ್ಯಕ್ಕೆ ಬೇಡ. ಶೇಂಗಾ ಕೀಳುವವರೆಗೆ ಮುಂದಕ್ಕೆ ಹಾಕೋಣ. ಸರಿಯಾಗಿ ತಿಳಿದೆನೋ ಇಲ್ಲವೋ ಎಂದು ಅಳುಕಿದಳು. ಶಿವಯೋಗಪ್ಪನ ಮೀಸೆಯಡಿಯ ನಗು ಅಳುಕು ತೀರಿಸಿತು.

"ಏನರ ಒಂದು ಹೇಳ್ರಿ ಸಾಹೇಬ್ರ, ಹೆಣ ಬಾತೈತಿ," ಎಂದ ಅವಳ ಸೋದರಮಾವ ಪಕ್ಕೀರಪ್ಪ.

"ಲೆಟ್ ಮಿ ಸ್ಲೀಪ್ ಆನ್ ಇಟ್." ಸಾಹೇಬರು ಬಿಸ್ಕತ್ತು ಅದ್ದಿದರು.

"ಏನಂದನವ್ವಾ?"

"ಮಕ್ಕೊಂಡು ಎದ್ದು ನಾಳಿಗೆ ಯೋಚ್ನಿ ಮಾಡ್ತಾನಂತ, ಮಾವ."

"ಇವನೌನ್, ಮೂರು ವರ್ಷದಿಂದ ಮಕ್ಕೊಂಡ ಅದಾನಲ್ಲ."

ಸುಂಕಮ್ಮ ಹೊಸ್ತಿಲಿಗೆ ಬಂದಳು. "ಯು ಕ್ಯಾನ್ ಪುಟ್ ಆಫ್ ಯುವರ್ ಡಿಸಿಷನ್, ಸರ್. ವಿ ಕಾಂಟ್ ಪುಟ್ ಆಫ್ ದ ಬರಿಯಲ್." ಮಾವನಿಗೂ ತಿಳಿಯಲೆಂದು ಮತ್ತೆ ಅಂದಳು: "ನಿಮ್ಮ ತೀರ್ಮಾನ ಮುಂದಕ್ಕ ಹೋದೀತು. ನಮ್ಮವ್ವನ ಮಣ್ಣು ಹೋಗಂಗಿಲ್ರಿ."

ಬಿಸ್ಕತ್ತು ಮುರಿದು ಚಹಾದೊಳಗೆ ಬಿತ್ತು.

"ಇಟ್ಟಿಗಿ ಹೊರೋ ಲೌಡಿಗೆ ಇಂಗ್ಲೀಷ್ ಬ್ಯಾರೆ," ಎಂದ ಶಿವಯೋಗಪ್ಪ.

ಅವಳು ಬಂಡಿಯಿಂದ ಗುದ್ದಲಿ ತಂದಳು. ಅವರ ಕೇರಿಯಲ್ಲಿ ಮೊದಲ ಗುದ್ದಲಿ ಹಾಕಬೇಕಾದವರು ಸತ್ತವರ ಮಕ್ಕಳು. ಒಮ್ಮೆ ಹಾಕಿದರೆ ಕುಣಿಯನ್ನು ಖಾಲಿ ಬಿಡುವಂತಿಲ್ಲ. ಬಿಟ್ಟರೆ ಅದು ಇನ್ನೊಬ್ಬರ ಹೆಣ ಕೇಳುತ್ತದೆ. ಸಾಹೇಬರು ಮುತುವರ್ಜಿಯಿಂದ ಬೆಳೆಸಿದ ಕ್ರೋಟನ್ ಗಿಡಗಳ ನಡುವೆ ಅವಳು ಗುದ್ದಲಿ ಹಾಕಿದಳು.

"ಏನ್ ಮಾಡ್ತೀಯೇ, ರಂಡೆ?" ಸಾಹೇಬರು ಹೊರಗೆ ಓಡಿಬಂದರು.

"ನೀವು ಮಕ್ಕೊಳ್ರಿ ಸಾಹೇಬ್ರ," ಎಂದ ಪಕ್ಕೀರಪ್ಪ, ಗುದ್ದಲಿ ಇಸಿದುಕೊಂಡು. "ಖಾಲಿಯಂತೂ ಬಿಡಂಗಿಲ್ಲ ಇದನ್ನ. ನಮ್ಮಕ್ಕ ಆದ್ರ ನಮ್ಮಕ್ಕ. ಇಲ್ಲಂದ್ರ ಯಾರರ ಒಬ್ರು."

ಸಾಹೇಬರು ಗುಮಾಸ್ತನ ಕಿವಿಯಲ್ಲಿ ಏನೋ ಹೇಳಿದರು. ಅವನು ಗೇಟು ದಾಟಿ ಓಡಿದ. ಸರ್ವೆಯರನ್ನು ಕರೆಯಲೋ, ಪೊಲೀಸರನ್ನು ಕರೆಯಲೋ, ನನಗೆ ಗೊತ್ತಿಲ್ಲ. ಆಗ ಕುಣಿ ಮೊಣಕಾಲಾಳ ಇತ್ತು.