ಹಿಮ್ಮೇಳದ ತುಂತುಣಿ

"ಗಾಲಿ ಗುಂಬಾ ಹಿಡಕೊಂಡು ಬಂದಾಂವ ಈಗ ಗಾಡಿನ ಹೊಡೀತೀನಿ ಅಂತಾನ, ನೋಡ್ರಪಾ."

ಗೀಗೀ ಮೇಳದ ಮುಖ್ಯ ಹಾಡುಗಾರ ಸಿದಗೊಂಡಪ್ಪ ಊರ ಮಂದಿ ಎದುರು ನನ್ನ ಒಡೆಯ ಮಾಳಿಂಗನಿಗೆ ಹೀಗಂದ. ಮಂದಿ ನಕ್ಕಿತು. ಆ ಗುಂಬ ನಾನೇ.

ನಾನು ಒಂದು ತುಂತುಣಿ. ಮುರಿದ ಬಂಡಿಗಾಲಿಯ ನಡುವಿನ ಕಟ್ಟಿಗೆ, ಅದೇ ಗುಂಬ, ಒಲೆಗೆ ಹೋಗಬೇಕಿತ್ತು. ಬಡಿಗೇರ ಮೌನೇಶಪ್ಪ ಅದನ್ನು ಕೊರೆದು, ತಳಕ್ಕೆ ಆಡಿನ ತೊಗಲು ಬಿಗಿದು, ಪಕ್ಕಕ್ಕೆ ಬಿದಿರು ಕೋಲು ಕಟ್ಟಿ, ಒಂದೇ ಒಂದು ತಂತಿ ಎಳೆದ. ಬಂಡಿ ಮಾಳಿಂಗನ ಅಪ್ಪನದು. ಅಪ್ಪ ಸತ್ತ ಮೇಲೆ ಉಳಿದದ್ದು ಅಷ್ಟೇ.

ಮೇಳಕ್ಕೊಂದು ಕಟ್ಟಳೆ ಇದೆ. ದಪ್ಪು ಎಂಬ ತೊಗಲವಾದ್ಯ ಹಿಡಿದವನೇ ಮುಂದೆ ನಿಂತು ಹಾಡಬೇಕು, ಎದುರು ಮೇಳದ ಸವಾಲಿಗೆ ಅವನೇ ಜವಾಬು ಹೇಳಬೇಕು. ತುಂತುಣಿಯವನು ಹಿಂದೆ ನಿಂತು 'ಗೀ ಗೀ' ಅನ್ನಬೇಕು, ಮುಗೀತು. ಬಾಯಿ ಇದ್ದರೂ ಮಾತಿಲ್ಲ. ಯಾವ ಸೀಮೆಯ ನ್ಯಾಯ ಇದು? ಕುರಿ ಕಾಯುತ್ತ ಪದ ಕಟ್ಟುತ್ತಿದ್ದವನು ಮಾಳಿಂಗ, ಹೆಸರು ತಗೊಳ್ಳುತ್ತಿದ್ದವನು ಸಿದಗೊಂಡಪ್ಪ.

ಅವತ್ತು ಎದುರು ಮೇಳದ ಶಾವಂತ್ರವ್ವನ ಸವಾಲಿಗೆ ಸಿದಗೊಂಡಪ್ಪ ತಡವರಿಸಿದ. ಮಾಳಿಂಗ 'ಗೀ' ಎಂಬುದನ್ನೇ ಎಳೆದು ಎಳೆದು, ಅದರೊಳಗಿಂದ ಜವಾಬು ಹಾಡಿಬಿಟ್ಟ. ಮೇಳ ಗೆದ್ದಿತು. ಗೆಲ್ಲಿಸಿದವನಿಗೆ ಸಿಕ್ಕಿದ್ದು ಆ ಗಾಲಿ ಗುಂಬದ ಮಾತು.

ಅವನು ಮೇಳ ಬಿಟ್ಟ. ನನ್ನನ್ನು ಹೆಗಲಿಗೇರಿಸಿಕೊಂಡು ವಾರದ ಸಂತೆಯಲ್ಲಿ ಒಬ್ಬನೇ ನಿಂತ.

"ಹಿಮ್ಮೇಳ ಇಲ್ಲದ ಗೀಗೀ ಪದ ಏನೋ ತಮ್ಮಾ, ಎಣ್ಣಿ ಇಲ್ಲದ ಒಗ್ಗರಣಿ" ಅಂದಳು ಬದನೆಕಾಯಿ ಮಾರುವ ಮುದುಕಿ.

"ಹಂಗಾರ ನೀನ 'ಗೀ ಗೀ' ಅನ್ನು ಬೇ ಆಯಿ" ಅಂದ.

ಅವಳು 'ಗೀ ಗೀ' ಅಂದಳು. ಪಕ್ಕದ ಮೆಣಸಿನಕಾಯಿಯವನೂ ಅಂದ. ಆಮೇಲೆ ಇಡೀ ಸಂತೆಯೇ ಅವನ ಹಿಮ್ಮೇಳ. ತಂತಿ ಮೀಟುವ ಮೊದಲೇ ನನ್ನ ತೊಗಲು ನಡುಗುತ್ತಿತ್ತು.

ಅಲ್ಲಿಂದ ರೇಡಿಯೋ, ಕ್ಯಾಸೆಟ್ಟು, ದೊಡ್ಡ ಊರುಗಳ ವೇದಿಕೆ. ಪೋಸ್ಟರಿನ ತುಂಬ ಅವನೊಬ್ಬನ ಮುಖ. ವೇದಿಕೆ ಎತ್ತರವಾದಂತೆ ಮಂದಿಯ 'ಗೀ ಗೀ' ಅವನಿಗೆ ಕೇಳದಾಯಿತು. ಕೂಲಿ ಕೊಟ್ಟು ಹಿಮ್ಮೇಳ ಇಟ್ಟುಕೊಂಡ. ಅವನ ಕೈಗೆ ದಪ್ಪು ಬಂತು, ನಾನು ಹಿಂದೆ ನಿಲ್ಲುವ ಕರೆಪ್ಪನ ಕೈಗೆ ಹೋದೆ. ಈಗ ನನ್ನ ಅಂಚು ಸೀಳಿದೆ, ತೊಗಲು ಸಡಿಲವಾಗಿದೆ. ಇಲ್ಲಿಂದ ಕಾಣುವುದು ಮಾಳಿಂಗನ ಬೆನ್ನು ಮಾತ್ರ.

ನಿನ್ನೆ ಹಾಡು ಮುಗಿದ ಮೇಲೆ ಕರೆಪ್ಪ ಕೇಳಿಯೇಬಿಟ್ಟ.

"ಅಣ್ಣಾರ, ನಾನೂ ಒಂದು ಪದ ಕಟ್ಟೀನ್ರಿ. ನಾಳೆ ಮುಂದ ನಿಂತು ಹಾಡ್ಲೇನ್ರಿ?"

ಮಾಳಿಂಗ ಹೂಂ ಅಂತಾನೆ ಅಂದುಕೊಂಡೆ. ಹಿಂದೆ ನಿಂತ ಬಾಯಿಯ ಸಂಕಟ ಅವನಿಗಿಂತ ಇನ್ಯಾರಿಗೆ ಗೊತ್ತು?

ಮಾಳಿಂಗ ಕೊರಳಿನ ಹಾರ ತೆಗೆದು, ಹಿಡಿದುಕೋ ಎಂಬಂತೆ ಕರೆಪ್ಪನ ಕೈಗಿಟ್ಟ. ಕಾರಿನ ಕಡೆ ನಡೆದ.