ಗೇಟ್ ಸುದ್ದಿ

"ಸೆರಗು ಎಳ್ದ ಅಂತ ಹೇಳೇ, ಅಷ್ಟೇ. ನಿಮ್ಮಪ್ಪನ ಗಂಟೇನಾದ್ರೂ ಹೋಗತ್ತಾ?"

ಇನ್‌ಸ್ಪೆಕ್ಟರು ಬಾಟಲಿ ಎತ್ತಿ ಬಾಯಿ ಮುಕ್ಕಳಿಸಿ ಉಗುಳಿದ. ನೀರು, ಧರಣಿಯಿಂದ ಎಬ್ಬಿಸಿ ತಂದು ನಿಲ್ಲಿಸಿದ್ದ ಮಹಾನಂದಾಳ ಪಾದದ ಮೇಲೆ ಬಿತ್ತು. ಪೀಣ್ಯದ ಆ ಗಾರ್ಮೆಂಟ್ಸ್ ಕಾರ್ಖಾನೆಯ ಗೇಟಿನ ಹೊರಗೆ ಧರಣಿ ಕೂತಿದ್ದ ಹೆಂಗಸರೆಲ್ಲ ನೋಡುತ್ತಿದ್ದರು. ಅವರು ನೋಡಲಿ ಎಂದೇ ಉಗುಳಿದ್ದು.

"ಯಾಂವ ಎಳದಾನ್ರಿ ನನ್ನ ಸೆರಗ?"

"ನಿಮ್ಮೂರ ಕಡೆಯೋನೇ, ಯಮನೂರ. ಮೊಬೈಲ್ ಹಿಡ್ಕೊಂಡು ಪತ್ರಕರ್ತ ಅಂತ ತಿರುಗ್ತಾನಲ್ಲ, ಆ ಬೋಳಿಮಗ."

ಯಮನೂರ ಇದೇ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುತ್ತಿದ್ದವನು. ಕೆಲಸದಿಂದ ತೆಗೆದ ಮೇಲೆ ‘ಗೇಟ್ ಸುದ್ದಿ’ ಎಂಬ ಯೂಟ್ಯೂಬ್ ಚಾನೆಲ್ ಮಾಡಿಕೊಂಡು, ದೊಡ್ಡ ಟಿ.ವಿ.ಯವರು ಮೂಗು ಮುಚ್ಚಿಕೊಂಡು ದಾಟುವ ಗೇಟುಗಳ ಮುಂದೆ ನಿಂತು ವರದಿ ಮಾಡುತ್ತಿದ್ದ. ನಿನ್ನೆ ಈ ಹೆಂಗಸರ ಬೆನ್ನ ಮೇಲೆ ಬಿದ್ದ ಲಾಠಿಯನ್ನು ಲೈವ್ ತೋರಿಸಿದವನು ಅವನೇ. ಪೊಲೀಸರು ಮೊಬೈಲನ್ನು ಬೂಟಿನಡಿ ತುಳಿದು, ಅವನನ್ನು ಎಳೆದೊಯ್ದು ಠಾಣೆಯಲ್ಲಿ ಕೂರಿಸಿದ್ದರು. ಲಾಠಿ ತೋರಿಸಿದ ಎಂದು ಕೇಸು ಹಾಕಲು ಬರುವುದಿಲ್ಲವಲ್ಲ, ಅದಕ್ಕೆ ಒಂದು ಹೆಣ್ಣು ಬೇಕಾಗಿತ್ತು.

ಹೆಂಗಸರು ಕೇಳಿದ್ದಾದರೂ ಏನು? ಕಾರ್ಮಿಕರ ಕಮಿಟಿಯನ್ನು ತಾವೇ ಓಟು ಹಾಕಿ ಆರಿಸಬೇಕು, ಅಷ್ಟೇ. ಖರ್ಚು ಉಳಿಸಲು ಹೆಣ್ಣು ಗಾರ್ಡುಗಳನ್ನು ಕಿತ್ತ ಮೇಲೆ, ಸಂಜೆ ಗೇಟಿನಲ್ಲಿ ಗಂಡಸರೇ ಮೈ ತಡವುತ್ತಿದ್ದರು, ಬಟನ್ ಕದ್ದಿದ್ದೀರಾ ಎಂದು. ದೂರು ಕೊಟ್ಟರೆ ಕಮಿಟಿ ಸಭೆ ಸೇರಿ, ಬಿಸ್ಕತ್ತು ತಿಂದು, ಎಲ್ಲ ಸರಿಯಿದೆ ಎಂದಿತು. ಕಮಿಟಿಯಲ್ಲಿದ್ದವರೆಲ್ಲ ಮ್ಯಾನೇಜರ್ ವಾದಿರಾಜ ಆರಿಸಿದ ಸೂಪರ್‌ವೈಸರುಗಳು. ಬೇಲಿಯೇ ಎದ್ದು ಹೊಲ ಮೇಯುತ್ತಿತ್ತು.

ಆ ವಾದಿರಾಜ ಈಗ ಹತ್ತಿರ ಬಂದು ದನಿ ತಗ್ಗಿಸಿದ.

"ನೋಡಮ್ಮ, ನಿನ್ನೆ ಗಲಾಟೇಲಿ ಅವ್ನು ಕೈ ಹಾಕ್ದ ಅಂದ್ಬಿಡು. ಟಿ.ವಿ.ಯವ್ರನ್ನ ಕರ್ಸಿದೀನಿ. ಹೇಳಿದ್ರೆ ನಾಳೆಯಿಂದ ನೀನೇ ಸೂಪರ್‌ವೈಸರ್. ಇಲ್ಲಾಂದ್ರೆ ಪೀಣ್ಯದಲ್ಲಿ ಯಾವ ಗೇಟೂ ನಿನ್ನ ಒಳಗೆ ಬಿಡಲ್ಲ, ತಿಳ್ಕೋ."

ಅವನ ಬಾಯಿ ಏಲಕ್ಕಿ ನಾರುತ್ತಿತ್ತು. ಮಹಾನಂದಾ ಮುಖ ಆಚೆ ತಿರುಗಿಸಿದಳು. ಮೈ ಮುಟ್ಟಿದರು ಎಂದು ಅತ್ತಾಗ ನಕ್ಕವರು, ಈಗ ಮುಟ್ಟದವನ ಹೆಸರು ಹೇಳು ಎನ್ನುತ್ತಿದ್ದರು. ದಾಸರಹಳ್ಳಿಯ ಬಾಡಿಗೆ ಕೋಣೆಯಲ್ಲಿ ಒಲೆ ಉರಿಯುತ್ತಿದ್ದುದು ಅವಳೊಬ್ಬಳ ಸಂಬಳದಿಂದ.

"ಆತು ಬಿಡ್ರಿ, ಹೇಳ್ತೀನಿ" ಎಂದಳು.

ಕಾರ್ಖಾನೆಯಲ್ಲಿ ಅವಳ ಪಕ್ಕದ ಮಿಷನ್ನಿನಲ್ಲಿ ಹೊಲಿಯುವ ಭದ್ರಮ್ಮ ಕೂತಲ್ಲಿಂದಲೇ ಮಣ್ಣು ತೂರಿದಳು. "ಥೂ, ನಿನ್ ಜಲ್ಮಕ್ಕಿಷ್ಟು! ನಮ್ಗೋಸ್ಕರ ಒದೆ ತಿಂದವ್ನೆ ಕಣೇ ಆ ಉಡ್ಗ!"

ಟಿ.ವಿ. ವರದಿಗಾರ್ತಿ ಚಿತ್ರಾ ವ್ಯಾನಿನಿಂದ ಇಳಿದು ಕೂದಲು ಸರಿಮಾಡಿಕೊಂಡಳು.

"ವೀಕ್ಷಕರೇ, ನಕಲಿ ಪತ್ರಕರ್ತನ ಕಾಮಪುರಾಣ ಬಯಲು! ಹೇಳಿ ಅಮ್ಮಾ, ಎಲ್ಲೆಲ್ಲಿ ಕೈ ಹಾಕ್ದ?"

ಉಪ್ಪಿನಕಾಯಿ ಚಪ್ಪರಿಸುವವಳ ಹಾಗೆ ಕೇಳಿದಳು.

"ಬಾಯಿಲೆ ಹೇಳಾಕ ನಾಚಿಕಿ ಆಗ್ತೈತ್ರಿ ಮೇಡಂ. ಮಾಡಿ ತೋರಸ್ತೀನಿ. ಮ್ಯಾನೇಜರ್ ಸಾಹೇಬ್ರ, ಒಂಚೂರು ಇಲ್ಲಿ ಬರ್ರಿ."

ವಾದಿರಾಜ ಕ್ಯಾಮೆರಾದತ್ತ ನಗುತ್ತಲೇ ಬಂದ.

"ಎರಡೂ ಕೈ ಎತ್ರಿ."

ಎತ್ತಿದ. ಮಹಾನಂದಾ ಅವನ ಕಂಕುಳಿಗೆ ಕೈ ತೂರಿಸಿದಳು. ಎದೆ ಒತ್ತಿದಳು. ಬೆಲ್ಟಿನೊಳಗೆ ಬೆರಳು ಆಡಿಸಿದಳು. ತೊಡೆಯ ಒಳಬದಿಗೆ ಕೈ ಹಾಕಿ ಗಟ್ಟಿಯಾಗಿ ಹಿಂಡಿದಳು. ಅವನು ಕಿರುಚಿ ಮುದುಡಿದ.

"ದಿನಾ ಸಂಜಿಕ ಇದ ಗೇಟಿನ್ಯಾಗ ಇಂವನ ಗಾರ್ಡ್ ಮಂದಿ ನಮಗ ಹಿಂಗ ಮಾಡ್ತಾರ್ರಿ! ಯಮನೂರ ನಮ್ಮ ಮೈ ಮುಟ್ಟಿಲ್ಲ. ಪೊಲೀಸರ ಲಾಠಿ ತೋರಸ್ಯಾನ, ಅಷ್ಟ. ನಾಚಿಕಿ ಬರಬೇಕಾದ್ದು ಈ ಹಾಟ್ಯಾನ ಮಕ್ಕಳಿಗಿ!"

"ಕಟ್! ಕಟ್ ಮಾಡೋ!" ಎಂದಳು ಚಿತ್ರಾ. ಕ್ಯಾಮೆರಾ ವ್ಯಾನು ಸೇರಿತು, ಅವಳೂ ಹತ್ತಿದಳು. ಇನ್‌ಸ್ಪೆಕ್ಟರು ಮಹಾನಂದಾಳ ಕೆನ್ನೆಗೆ ಬಾರಿಸಿ ತುರುಬು ಹಿಡಿದ.

ಭದ್ರಮ್ಮ ಆಗಲೇ ಎದ್ದಿದ್ದಳು. ವ್ಯಾನಿನ ಗಾಜು ಬಡಿದಳು. "ಓಯ್, ಎಲ್ಲಿಗ್ ಓಯ್ತೀಯ? ನಂಗೂ ಅಂಗೇ ಮಾಡವ್ರೆ, ಕೇಳ್ಕಂಡ್ ಓಗು!"

"ನನ್ನದೂ ಐತ್ರಿ!" ಎಂದು ಹಿಂದಿನಿಂದ ಇನ್ನೊಬ್ಬಳು. ಹೆಂಗಸರು ನುಗ್ಗಿ ಬಂದು ಚಕ್ರಗಳಿಗೆ ಬೆನ್ನು ಕೊಟ್ಟು ಕೂತುಬಿಟ್ಟರು. ವ್ಯಾನು ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ.

ಚಿತ್ರಾ ಗಾಜನ್ನು ಬೆರಳಷ್ಟು ಇಳಿಸಿ ಕೂಗಿದಳು: "ಇನ್‌ಸ್ಪೆಕ್ಟ್ರೇ, ಏನ್ ನೋಡ್ತಾ ನಿಂತಿದೀರಾ? ಇದು ಪತ್ರಿಕಾ ಸ್ವಾತಂತ್ರ್ಯದ ಮೇಲೆ ಹಲ್ಲೆ!"

ಭದ್ರಮ್ಮ ಆ ಸಂದಿಗೆ ಬಾಯಿ ಇಟ್ಟಳು.

"ಅಂಗಾ ತಾಯಿ? ಅಂಗಾರೆ ಟೇಸನ್ಗೆ ಫೋನ್ ಮಾಡು. ಯಮನೂರ ಬರೋಗಂಟ ನಿನ್ ಸ್ವಾತಂತ್ರ್ಯಾನೂ ಇಲ್ಲೇ ಕುಂತಿರ್ಲಿ."

ಇನ್‌ಸ್ಪೆಕ್ಟರು ಮಹಾನಂದಾಳ ತುರುಬು ಬಿಡದೆಯೇ ಲಾಠಿ ತರಲು ಪೇದೆಗಳಿಗೆ ಕೂಗಿದ. ಚಕ್ರಗಳ ಬುಡದಿಂದ ಯಾರೂ ಏಳಲಿಲ್ಲ.